ಇಪ್ಪತ್ತೈದು ಟನ್ನಿನ ಸಂಕ್ರಾಂತಿ

ಇಂದುಶೇಖರನಿಗೆ ಎಲ್ಲವೂ ಇತ್ತು. ದೆಹಲಿಯ ಕಿದ್ವಾಯಿ ನಗರದಲ್ಲಿ ಸರಕಾರಿ ಕ್ವಾರ್ಟರ್ಸು, ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಕುರ್ಚಿ, ಆ ಕುರ್ಚಿಯ ಬೆನ್ನಿಗೊಂದು ಬಿಳಿ ಟವೆಲ್ಲು, ಮನೆಯಲ್ಲಿ ಉಷಾಳಂಥ ಹೆಂಡತಿ, ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುವ ಮಗಳು ಪ್ರಕೃತಿ. ಇಲ್ಲದ್ದು ಒಂದೇ ಒಂದು. ಮಾವನ ಬಾಯಿಂದ ಒಂದು ಒಳ್ಳೆಯ ಮಾತು.

ಮಾವ ಬಸವಲಿಂಗಪ್ಪನವರು ಗುಂಡ್ಲುಪೇಟೆ ಕಡೆಯ ಅನುಕೂಲಸ್ಥ ಬೇಸಾಯಗಾರರು. ಎರಡು ಟ್ರ್ಯಾಕ್ಟರು, ಇಬ್ಬರು ಗಂಡುಮಕ್ಕಳು, ದಪ್ಪ ಮೀಸೆ, ಕಡಿಮೆ ಮಾತು. ಮಗಳ ಮದುವೆಯಲ್ಲಿ ಯಾರೋ ನೆಂಟರು ‘ಅಳಿಯಂದ್ರು ಹೇಗೆ?’ ಎಂದು ಕೇಳಿದಾಗ ಅವರು ಬಹಳ ಹೊತ್ತು ಯೋಚನೆ ಮಾಡಿ, "ಕಾಗದ ಚೆನ್ನಾಗಿ ಹಿಡೀತಾರೆ" ಎಂದುಬಿಟ್ಟಿದ್ದರು. ಅಲ್ಲೇ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದ ಇಂದುಶೇಖರನಿಗೆ ಆ ಮಾತು ಇವತ್ತಿಗೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಪ್ರತಿ ಸಂಕ್ರಾಂತಿಗೂ ಉಷಾ ಊರಿಗೆ ಫೋನು ಮಾಡಿ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಪ್ಪಾಜಿ’ ಎನ್ನುತ್ತಿದ್ದಳು. ಅವರು ಮಗಳಿಗೆ ಒಂದು ಒಳ್ಳೆಯ ಮಾತು ಹೇಳುತ್ತಿದ್ದರು, ಮೊಮ್ಮಗಳಿಗೆ ಎರಡು ಹೇಳುತ್ತಿದ್ದರು, ಆ ಹೊತ್ತಿಗೆ ಪಾತ್ರೆ ತೊಳೆಯಲು ಬಂದವಳಿಗೂ ಒಂದನ್ನು ಹೇಳಿ ಕಳಿಸುತ್ತಿದ್ದರು. ಫೋನು ಅಳಿಯನ ಕೈಗೆ ಬಂದರೆ ಮಾತ್ರ, "ಹ್ಞೂಂ. ಇಡ್ಲಾ?" ಎನ್ನುತ್ತಿದ್ದರು.

ಈ ವರ್ಷ ಮಗಳು ಹಟ ಮಾಡಿ ಅವರನ್ನು ದೆಹಲಿಗೇ ಕರೆಸಿಕೊಂಡಿದ್ದಳು. ದೆಹಲಿಗೆ ಜನವರಿಯಲ್ಲಿ ಬುದ್ಧಿ ಇರುವವರು ಯಾರೂ ಬರುವುದಿಲ್ಲ. ಬಂದ ಮಾವ ಮಂಕಿ ಟೋಪಿ ಹಾಕಿಕೊಂಡು, ಎರಡು ಶಾಲು ಹೊದ್ದು, ಬಾಲ್ಕನಿಯಲ್ಲಿ ಕೂತು ಎದುರಿಗೆ ನೋಡುತ್ತಿದ್ದರು. ಎದುರು ಏನೂ ಕಾಣುತ್ತಿರಲಿಲ್ಲ.

"ಹೊಗೆ" ಎಂದರು ಮಾವ.

"ತಾತಾ, ಹೊಗೆ ಅಲ್ಲ, ಕೋಹರಾ ಹೈ. ಫಾಗ್!" ಎಂದಳು ಪ್ರಕೃತಿ.

ಮಾವ ಮೂಗು ಮೇಲೆತ್ತಿ ಒಂದು ಸಲ ಮೂಸಿದರು. "ಹೊಗೇನೇ."

ಇಂಥ ಮಾವನನ್ನು ಇಂದುಶೇಖರ ಒಂದು ಭಾನುವಾರ ದೆಹಲಿಯ ಗಡಿಯಾಚೆಯ ಇಂದಿರಾಪುರಂಗೆ ಕರೆದುಕೊಂಡು ಹೋದ. ಅಲ್ಲಿನ ಒಂದು ಹೌಸಿಂಗ್ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಕನ್ನಡ ಬಳಗದ ಸಂಕ್ರಾಂತಿ ಸಭೆ. ಅಧ್ಯಕ್ಷರು ಅಶ್ವತ್ಥನಾರಾಯಣ, ಇಂದುಶೇಖರನ ಹಳೆಯ ಮೇಲಧಿಕಾರಿ, ನಿವೃತ್ತರು, ಆದರೆ ನಿವೃತ್ತಿಯ ಸುದ್ದಿ ಅವರ ಧ್ವನಿಗೆ ಇನ್ನೂ ತಲುಪಿರಲಿಲ್ಲ. ಅವತ್ತಿನ ಚರ್ಚೆ ಕಿಚ್ಚು ಹಾಯಿಸುವ ಬಗ್ಗೆ. ಸಂಕ್ರಾಂತಿಯ ಸಂಜೆ ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬೆಂಕಿಯ ಮೇಲೆ ಹಾರಿಸುವುದು ಹಳೇ ಮೈಸೂರಿನವರ ಪದ್ಧತಿ. ಹೋದ ವರ್ಷ ಬಳಗದವರು ಹತ್ತಿರದ ಗೋಶಾಲೆಯಿಂದ ಒಂದು ಎತ್ತು ತಂದಿದ್ದರು. ಅದು ಬೆಂಕಿಯ ಕಡೆ ತಿರುಗಿಯೂ ನೋಡದೆ, ಸ್ವಾಗತದ ಕಬ್ಬು ತಿಂದು, ಅಧ್ಯಕ್ಷರ ಕಾಶ್ಮೀರಿ ಶಾಲಿನ ಅರ್ಧ ತಿಂದು, ಕೊನೆಗೆ ಲಿಫ್ಟಿನ ಮುಂದೆ ಹೋಗಿ ನಿಂತುಬಿಟ್ಟಿತ್ತು. ಮೂರನೇ ಮಹಡಿಯ ಬನ್ಸಲ್ ಮೇಡಂ ಲಿಫ್ಟಿನ ಬಾಗಿಲು ತೆರೆದಾಗ ಮೊದಲು ಕಂಡದ್ದು ಅದರ ಮುಖವೇ. ಅವರು ಈಗಲೂ ಮೆಟ್ಟಿಲು ಹತ್ತಿಯೇ ಓಡಾಡುತ್ತಾರೆ.

"ಹಾಗಾಗಿ ಈ ವರ್ಷ ಎತ್ತು ಬೇಡ" ಎಂದರು ಅಶ್ವತ್ಥನಾರಾಯಣ. "ಪರ್ಯಾಯ ಸೂಚಿಸಿ."

ಹಿಂದಿನ ಸಾಲಿನಿಂದ ಮಹಂತೇಶ್ ಎದ್ದ. ಧಾರವಾಡ ಕಡೆಯವನು, ಗ್ರೇಟರ್ ನೋಯ್ಡಾದಲ್ಲಿ ಗಿಡಗಳ ನರ್ಸರಿ ಇಟ್ಟುಕೊಂಡಿದ್ದವನು. "ಈಗಿನ ಎತ್ತಂದ್ರ ಟ್ರ್ಯಾಕ್ಟರ್ ಅಲ್ರೀ ಸರ? ನನ್ನ ಹತ್ರ ಒಂದ್ ಅದ. ಅದಕ್ಕ ಕೊಂಬು ಕಟ್ಟಿ ಹಾಯ್ಸೋಣ. ಶಾಲು ತಿನ್ನೂದಿಲ್ಲ, ನಾ ಗ್ಯಾರಂಟಿ."

ಟ್ರ್ಯಾಕ್ಟರ್ ಎಂಬ ಶಬ್ದ ಬಿದ್ದದ್ದೇ ತಡ, ಮಂಕಿ ಟೋಪಿಯೊಳಗೆ ನಿದ್ದೆ ಹೋಗಿದ್ದ ಮಾವನ ಎರಡು ಕಣ್ಣುಗಳೂ ತೆರೆದುಕೊಂಡವು.

"ಟ್ರ್ಯಾಕ್ಟರೇ?" ಎಂದರು.

ದೆಹಲಿಗೆ ಬಂದ ಮೇಲೆ ಮಾವ ಯಾವುದಕ್ಕಾದರೂ ಪ್ರಶ್ನೆ ಚಿಹ್ನೆ ಹಾಕಿದ್ದು ಅದೇ ಮೊದಲು. ಇಂದುಶೇಖರನ ಮೈಯಲ್ಲಿ ಮಿಂಚು ಹರಿಯಿತು. ಅವನು ಯೋಚನೆ ಮಾಡಲಿಲ್ಲ. ಯೋಚನೆ ಮಾಡುವುದು ಅವನ ಕೆಳಗಿನವರ ಕೆಲಸ. ಎದ್ದು ನಿಂತು ಘೋಷಿಸಿದ. "ಟ್ರ್ಯಾಕ್ಟರ್ ತರುವ ಜವಾಬ್ದಾರಿ ನನ್ನದು! ಕಿಚ್ಚು ಹಾಯಿಸುವವರು ನಮ್ಮ ಮಾವನವರು!"

ಚಪ್ಪಾಳೆ ಬಿತ್ತು. ಮಾವ ತಿರುಗಿ ಅಳಿಯನ ಮುಖವನ್ನು ಪೂರ್ತಿಯಾಗಿ ನೋಡಿದರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಸಭೆ ಮುಗಿದ ಮೇಲೆ ಮಹಂತೇಶ್ ಹತ್ತಿರ ಬಂದ. "ಭಾಳ ದೊಡ್ಡ ಕೆಲಸ ಅಲ್ರಿ ಸರ. ಸಣ್ಣ ಟ್ರ್ಯಾಕ್ಟರ್ ಅದು, ಗಿಡದ ಸಾಲಿನ ನಡುವ ಓಡಾಡೂದು. ತೂಕ ಎಂಟ ಕ್ವಿಂಟಲ್ ಅಷ್ಟ. ಎಕ್ಸ್‌ಪ್ರೆಸ್‌ವೇ ಮ್ಯಾಲೆ ಟ್ರ್ಯಾಕ್ಟರ್ ಬಿಡೂದಿಲ್ಲ, ಸುತ್ತ ಹಾಕಿ ಓಡಿಸ್ಕೊಂಡ ಬಂದ್ರ ಶಿವರಾತ್ರಿಗೆ ಮುಟ್ತೀವಿ. ಒಂದ್ ಛೋಟಾ ಹಾಥಿ ಕಳಸ್ರಿ, ಏರಿಸಿ ಕೊಡ್ತೀನಿ."

ಛೋಟಾ ಹಾಥಿ ಎಂದರೆ ದೆಹಲಿಯ ಗಲ್ಲಿಗಲ್ಲಿಯಲ್ಲೂ ಮಂಚ, ಬೀರು, ಫ್ರಿಜ್ಜು ಹೊತ್ತುಕೊಂಡು ನುಗ್ಗುವ ಪುಟ್ಟ ಟೆಂಪೊ. ಹೆಸರಿಗೆ ಆನೆ, ಗಾತ್ರಕ್ಕೆ ಆನೆಮರಿ. ಬೇರೆ ಯಾರಾದರೂ ಆಗಿದ್ದರೆ ಆಗಲೆಂದು ಮನೆಗೆ ಹೋಗಿ ಉಂಡು ಮಲಗುತ್ತಿದ್ದರು. ಇಂದುಶೇಖರ ಮನೆಗೆ ಹೋಗಿ ವಿಚಾರಿಸಿದ. ಛೋಟಾ ಹಾಥಿ ಹೊರಬಹುದಾದ ಭಾರ ಸುಮಾರು ಏಳೂವರೆ ಕ್ವಿಂಟಲ್ ಎಂದು ಗೊತ್ತಾಯಿತು. ಟ್ರ್ಯಾಕ್ಟರಿನದು ಎಂಟು.

"ನೋಡಿದ್ಯಾ ಉಷಾ!" ಎಂದು ಅವನು ಅಡುಗೆಮನೆಗೆ ಓಡಿದ. "ಐವತ್ತು ಕಿಲೋ ಹೆಚ್ಚು! ನಾನು ನೋಡದೆ ಹೋಗಿದ್ರೆ ಏನಾಗ್ತಿತ್ತು?"

"ಏನಾಗ್ತಿತ್ತು?"

"ಆ್ಯಕ್ಸಲ್ ಮುರೀತಿತ್ತು!"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅನರ್ಥವೆಲ್ಲ ಶುರುವಾದದ್ದು ಅಲ್ಲಿಂದಲೇ. ತಪ್ಪು ಮಾಡಿದವನನ್ನು ತಿದ್ದಬಹುದು. ಒಂದು ಸಲ ಸರಿಯಾಗಿಬಿಟ್ಟ ಮನುಷ್ಯನನ್ನು ಆಮೇಲೆ ಹಿಡಿಯುವವರಿಲ್ಲ. ಇಂದುಶೇಖರ ಪೆನ್ನು ತೆಗೆದ. ಎಂಟು ಕ್ವಿಂಟಲ್ ಎಂದರೆ ಬರೀ ಗಾಡಿ. ಡೀಸೆಲ್ ತೂಕ ಸೇರಿದೆಯೇ? ಹಿಡಿತ ಬರಲಿ ಅಂತ ಟೈರಿಗೆ ನೀರು ತುಂಬಿಸುತ್ತಾರಂತೆ, ಅದು ಸೇರಿದೆಯೇ? ಚಕ್ರಕ್ಕೆ ಅಂಟಿದ ಮಣ್ಣು? ಎಲ್ಲ ಸೇರಿಸಿ ಹತ್ತು ಕ್ವಿಂಟಲ್, ಅಂದರೆ ಒಂದು ಟನ್ ಎಂದಿಟ್ಟುಕೊಂಡ. ಅದರ ಮೇಲೆ ತನ್ನ ಮಾರ್ಜಿನ್ ಅರ್ಧ ಟನ್. ಒಟ್ಟು ಒಂದೂವರೆ ಟನ್. ಒಂದೂವರೆ ಟನ್ ಹೊರುವ ಒಂದು ಪಿಕಪ್ ಗಾಡಿ ಸಾಕು. ಬಹಳ ಸರಿಯಾದ ಲೆಕ್ಕ. ಅವನು ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು.

ಆದರೆ ಸರಕಾರದಲ್ಲಿ ಬೆಳೆದ ಜೀವ. ಮೇಲಿನವರ ಸಹಿ ಇಲ್ಲದೆ ಅವನಿಗೆ ಒಂದೂವರೆ ಟನ್ ಜೀರ್ಣವಾಗುವುದು ಸಾಧ್ಯವಿರಲಿಲ್ಲ. ಅಶ್ವತ್ಥನಾರಾಯಣರ ಮನೆಗೆ ಹೋದ.

ಅಶ್ವತ್ಥನಾರಾಯಣರು ಸರ್ವಿಸಿನಲ್ಲಿ ಇದ್ದಷ್ಟು ಕಾಲವೂ ಒಂದು ಫೈಲು ಅವರ ಮೇಜಿಗೆ ಬಂದ ಹಾಗೇ ವಾಪಸು ಹೋದದ್ದಿಲ್ಲ. ಏನಾದರೂ ಸೇರಿಸದಿದ್ದರೆ ತಾವು ನೋಡಿದ್ದಕ್ಕೆ ಸಾಕ್ಷಿಯೇನು ಎಂಬುದು ಅವರ ವಾದ. ಕನ್ನಡಕ ಏರಿಸಿ, "ಒಂದೂವರೆ ಅಂತ ಯಾಕೆ ಹಾಕಿದ್ರಿ?" ಎಂದರು.

"ಮಾರ್ಜಿನ್ ಸೇರಿಸಿ ಸರ್."

"ಅದು ನಿಮ್ಮ ಮಾರ್ಜಿನ್. ನನ್ನದು?"

ಇಂದುಶೇಖರ ತಲೆ ತಗ್ಗಿಸಿದ. ಟ್ರ್ಯಾಕ್ಟರಿನ ತೂಕ ಮೂರು ಟನ್ನಾಯಿತು.

ಅಲ್ಲೇ ಸೋಫಾದಲ್ಲಿ ಪಕ್ಕದ ಫ್ಲ್ಯಾಟಿನ ದಿಲೀಪ್ ಕೂತಿದ್ದ. ನೋಯ್ಡಾದ ಐಟಿ ಕಂಪನಿಯವನು. "ಸರ್, ನಮ್ಮಲ್ಲಿ ಯಾವ ಸಿಸ್ಟಮ್ಮನ್ನೂ ಪೀಕ್ ಲೋಡಿಗೆ ಡಬಲ್ ಮಾಡೇ ಇಡೋದು. ಲಾಸ್ಟ್ ದೀಪಾವಳಿ ಸೇಲ್ ದಿನ ಡಬಲ್ ಇಡದೆ ಏನಾಯ್ತು ಗೊತ್ತಾ?"

ಏನಾಯಿತೆಂದು ಯಾರೂ ಕೇಳಲಿಲ್ಲ. ದೀಪಾವಳಿಯ ದಿನ ದಿಲೀಪನ ಸರ್ವರ್ ಕುಸಿದದ್ದಕ್ಕೂ ಗ್ರೇಟರ್ ನೋಯ್ಡಾದ ಟ್ರ್ಯಾಕ್ಟರಿಗೂ ಏನು ಸಂಬಂಧವೆಂದೂ ಕೇಳಲಿಲ್ಲ. ಮೂರು ಆರಾಯಿತು.

ಅಧ್ಯಕ್ಷರ ಹೆಂಡತಿ ಲೀಲಮ್ಮ ಅವರೆಕಾಳು ಉಪ್ಪಿಟ್ಟಿನ ತಟ್ಟೆ ತಂದಿಡುತ್ತಾ, "ಹೇಗೂ ಗಾಡಿ ಬರುತ್ತಲ್ಲ, ಘಾಜಿಪುರ ಮಂಡಿಯಿಂದ ಕಬ್ಬು, ಗೆಣಸು, ಕಡಲೆಕಾಯಿ, ನಾಲ್ಕು ಕುಂಬಳಕಾಯಿ ಅದರಲ್ಲೇ ಹಾಕಿಸ್ಕೊಂಡು ಬನ್ನಿ" ಎಂದರು. ಎಂಟಾಯಿತು. ಕಬ್ಬು ಕುಂಬಳಕಾಯಿ ಸೇರಿ ಎರಡು ಟನ್ ತಿನ್ನುವಷ್ಟು ಜನ ಬಳಗದಲ್ಲಿ ಇರಲಿಲ್ಲ. ಆದರೆ ಅಧ್ಯಕ್ಷರ ಹೆಂಡತಿಗೆ ಇನ್ನೂರು ಕಿಲೋ ಮಾರ್ಜಿನ್ ಕೊಟ್ಟರೆ ಮರ್ಯಾದೆಯಾಗಿ ಕಾಣುವುದಿಲ್ಲ ಎಂದು ಇಂದುಶೇಖರ ಭಾವಿಸಿದ.

ಹೊರಡುವಾಗ ದಿಲೀಪ್ ಬಾಗಿಲ ಹತ್ತಿರ ನಿಂತು ಒಂದು ಮಾತು ಹೇಳಿದ. ಅದೊಂದನ್ನು ಹೇಳದಿದ್ದರೆ ಇಷ್ಟಾದರೂ ಪರವಾಗಿರಲಿಲ್ಲ. "ಸರ್, ಒಂದು ವಿಷಯ. ಟ್ರೇಲರ್ ಮೇಲೆ ಬರೆದಿರೋ ಕೆಪಾಸಿಟಿ ಇರುತ್ತಲ್ಲ, ಅದರಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರಿರುತ್ತಂತೆ ಕೆಲವು ಸಲ. ಅದನ್ನ ಕಳೀಬೇಕು. ಚೆಕ್ ಮಾಡ್ಕೊಳ್ಳಿ."

ಇದೂ ಸರಿಯಾದ ಮಾತೇ. ಆ ರಾತ್ರಿ ಊಟದ ಮೇಜಿನ ಮೇಲೆ ಇಂದುಶೇಖರ ಲೆಕ್ಕಕ್ಕೆ ಕೂತ. ಎಂಟು ಟನ್ ಹೊರಬೇಕು. ಎಂಟು ಟನ್ ಹೊರುವ ಟ್ರೇಲರು ತಾನೇ ನಾಲ್ಕು ಟನ್ ಇರಬಹುದು. ಹಾಗಾದರೆ ಹನ್ನೆರಡು ಟನ್ನಿನದು ಬೇಕು. ಆದರೆ ಹನ್ನೆರಡು ಟನ್ನಿನ ಟ್ರೇಲರು ಇನ್ನೂ ದೊಡ್ಡದು, ಅದರ ಸ್ವಂತ ತೂಕವೇ ಆರು. ಹಾಗಾದರೆ ಹದಿನೆಂಟು! ಹದಿನೆಂಟರದ್ದು ಅದಕ್ಕಿಂತಲೂ ಭಾರ. ನಾಯಿ ತನ್ನ ಬಾಲವನ್ನು ಹಿಡಿಯಲು ಸುತ್ತುವ ಹಾಗೆ ಅವನು ಆ ಮೇಜಿನ ಸುತ್ತ ಸುತ್ತಿದ. ಟ್ರೇಲರು ತನ್ನನ್ನು ತಾನೇ ಹೊರುವುದಕ್ಕಾಗಿ ಬೆಳೆಯುತ್ತಲೇ ಹೋಯಿತು.

"ಪಪ್ಪಾ, ಟ್ರ್ಯಾಕ್ಟರ್ ಕಾ ವೇಟ್ ತೋ ಏಟ್ ಕ್ವಿಂಟಲ್ ಹೀ ಹೈ ನಾ?" ಎಂದಳು ಪ್ರಕೃತಿ.

"ಅದು ಆರಂಭದಲ್ಲಿ" ಎಂದ ಇಂದುಶೇಖರ.

ಇಪ್ಪತ್ತೈದು ಟನ್ನಿಗೆ ಬಂದಾಗ ಉಷಾ ಸಾಕು ಮಲಗಿ ಎಂದು ದೀಪ ಆರಿಸಿದಳು. ಲೆಕ್ಕ ಅಲ್ಲಿಗೆ ನಿಂತಿತು. ಬಾಲ್ಕನಿಯ ಕಡೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಾವ ಎದ್ದು ಮಲಗಲು ಹೋದರು. ಹೋಗುವಾಗ "ಹ್ಞೂಂ" ಎಂದರು. ಅದು ಯಾವ ಬಗೆಯ ಹ್ಞೂಂ ಎಂದು ಇಂದುಶೇಖರ ಬಹಳ ಹೊತ್ತು ಯೋಚಿಸಿ, ಮೆಚ್ಚುಗೆಯದೇ ಇರಬೇಕೆಂದು ತೀರ್ಮಾನಿಸಿ, ಸುಖವಾಗಿ ನಿದ್ದೆ ಮಾಡಿದ.

ಮಾರನೇ ದಿನ ಘಾಜಿಯಾಬಾದಿನ ಒಬ್ಬ ಟ್ರಾನ್ಸ್‌ಪೋರ್ಟಿನವನಿಗೆ ಫೋನು ಮಾಡಿದ. ಬುಲ್ಡೋಜರು, ಕ್ರೇನು ಸಾಗಿಸುವವನು ಅವನು.

"ಕ್ಯಾ ಉಠಾನಾ ಹೈ, ಸಾಬ್?"

"ಟ್ರ್ಯಾಕ್ಟರ್."

"ಕಿತನೇ?"

"ಏಕ್."

"ಬಡಾ ಹೋಗಾ" ಎಂದು ಟ್ರಾನ್ಸ್‌ಪೋರ್ಟಿನವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವನ ಒಂದು ಟ್ರೇಲರು ಬಳಗದ ಹಬ್ಬವಿದ್ದ ಭಾನುವಾರವೇ ಗ್ರೇಟರ್ ನೋಯ್ಡಾದಲ್ಲಿ ಯಂತ್ರ ಇಳಿಸಿ ಖಾಲಿ ವಾಪಸು ಬರುವುದಿತ್ತು. ಒಪ್ಪಿಕೊಂಡ.

ಭಾನುವಾರ ಬೆಳಿಗ್ಗೆ ಇಂದುಶೇಖರ ಮಾವನನ್ನು ಮೆಟ್ರೋದಲ್ಲಿ ಕೂರಿಸಿಕೊಂಡು ಮಹಂತೇಶನ ನರ್ಸರಿಗೆ ಹೋದ. ಸೇವಂತಿಗೆ, ಗುಲಾಬಿ, ಮನಿ ಪ್ಲ್ಯಾಂಟುಗಳ ನಡುವೆ ಟ್ರ್ಯಾಕ್ಟರು ನಿಂತಿತ್ತು. ಕೆಂಪು ಬಣ್ಣ, ಮುದ್ದಾಗಿ, ಮಾವನ ಎದೆಯ ಮಟ್ಟಕ್ಕೆ ಇತ್ತು. ಮಾವ ಮಂಕಿ ಟೋಪಿ ತೆಗೆದು ಜೇಬಿಗೆ ಹಾಕಿಕೊಂಡರು. ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಊರಿನ ಎತ್ತಿನ ಬೆನ್ನು ಸವರುವ ಹಾಗೆ ಸವರಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ಇಂದುಶೇಖರ ಹಿಂದೆಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ರಸ್ತೆಯ ಕಡೆ ಬೆಳಕು ಕಡಿಮೆಯಾಯಿತು. ಮೋಡವಲ್ಲ, ಟ್ರೇಲರು ಬಂದಿತ್ತು. ಅದರ ಮುಂಭಾಗ ನರ್ಸರಿಯ ಗೇಟಿನ ಎದುರು ನಿಂತಾಗ ಹಿಂಭಾಗ ಇನ್ನೂ ಪಕ್ಕದ ಕಾಲೇಜಿನ ಕಾಂಪೌಂಡು ದಾಟಿರಲಿಲ್ಲ. ಎಷ್ಟು ಚಕ್ರಗಳಿದ್ದವೆಂದು ಎಣಿಸಲು ಹೋದ ಮಹಂತೇಶ್ ನಡುವೆ ಬಿಟ್ಟುಬಿಟ್ಟ. ಡ್ರೈವರ್ ಕೆಳಗಿಳಿದು, ಕೈಗೆ ಗವಸು ಹಾಕಿಕೊಂಡು, ಸುತ್ತ ನೋಡಿದ.

"ಮಾಲ್ ಕಹಾಂ ಹೈ?"

ಇಂದುಶೇಖರ ಟ್ರ್ಯಾಕ್ಟರನ್ನು ತೋರಿಸಿದ. ಡ್ರೈವರ್ ಅದರ ಹಿಂದೆ ನೋಡಿದ. ಹಿಂದೆ ಗುಲಾಬಿ ಗಿಡಗಳಿದ್ದವು. "ವೋ ತೋ ಠೀಕ್ ಹೈ, ಸಾಬ್. ಮಾಲ್?"

"ಯಹೀ ಮಾಲ್ ಹೈ" ಎಂದ ಇಂದುಶೇಖರ ಗಂಭೀರವಾಗಿ. "ಮಾರ್ಜಿನ್ ರಖಾ ಹೈ."

ಹತ್ತಿಸುವಾಗ ಒಂದು ತೊಡಕಾಯಿತು. ಟ್ರೇಲರಿನ ಹಿಂದೆ ಇಳಿಬಿಡುವ ಎರಡು ಕಬ್ಬಿಣದ ಹಲಗೆಗಳು ಬುಲ್ಡೋಜರಿನ ಅಗಲಕ್ಕೆ ಇದ್ದವು. ಟ್ರ್ಯಾಕ್ಟರಿನ ಚಕ್ರಗಳೆಲ್ಲ ಆ ಹಲಗೆಗಳ ನಡುವಿನ ಸಂದಿಯಲ್ಲಿ ಆರಾಮವಾಗಿ ನೆಲದ ಮೇಲೇ ನಿಂತವು. ತೂಕಕ್ಕೆ ನಾಲ್ಕು ಜನ ತಲೆ ಕೆಡಿಸಿಕೊಂಡಿದ್ದರು, ಅಗಲಕ್ಕೆ ಒಬ್ಬರೂ ಇರಲಿಲ್ಲ. ಮಹಂತೇಶ್ ಗಿಡದ ಕುಂಡ ಇಡುವ ಉದ್ದನೆಯ ಮರದ ಹಲಗೆಗಳನ್ನು ತಂದು ಹಾಸಿದ. ಮಾವ ಸೀಟಿನ ಮೇಲೆ ಕೂತು, ಒಂದೇ ದಮ್ಮಿಗೆ ಮೇಲೆ ಹತ್ತಿಸಿದರು. ಬಾಳೆ ಎಲೆಯ ತುದಿಗೆ ಉಪ್ಪು ಬಡಿಸಿದ ಹಾಗೆ ಟ್ರ್ಯಾಕ್ಟರು ಟ್ರೇಲರಿನ ಒಂದು ಮೂಲೆಯಲ್ಲಿ ನಿಂತುಕೊಂಡಿತು. ಡ್ರೈವರ್ ತನ್ನಲ್ಲಿದ್ದ ಬುಲ್ಡೋಜರಿನ ಸರಪಳಿ ಬಿಗಿದ. ಸರಪಳಿಯ ಹಿಂದೆ ಟ್ರ್ಯಾಕ್ಟರು ಕಾಣದಾಯಿತು.

"ಮೂಗಿಗಿಂತ ಮೂಗುತಿ ಭಾರ" ಎಂದರು ಮಾವ.

ಇಂದುಶೇಖರ ಕೇಳಿಸದವನಂತೆ ಮಾವನ ಜೊತೆ ಕ್ಯಾಬಿನ್ ಹತ್ತಿದ. ಮಹಂತೇಶ್ ತನ್ನ ಕಾರಿನಲ್ಲಿ ಹಿಂದೆ ಹೊರಟ.

ಘಾಜಿಯಾಬಾದಿನ ಹೊರಗೆ ಪೊಲೀಸರು ತಡೆದರು. ಹಗಲು ಹೊತ್ತಿನಲ್ಲಿ ಸರಕು ತುಂಬಿದ ಭಾರಿ ಗಾಡಿಗಳಿಗೆ ಪ್ರವೇಶವಿಲ್ಲ. ಖಾಲಿ ಗಾಡಿ ತನ್ನ ಡಿಪೋಗೆ ಹೋಗಬಹುದು. ದಾರೋಗಾ, ಅಂದರೆ ಅಲ್ಲಿನ ಸಬ್‌ಇನ್ಸ್‌ಪೆಕ್ಟರು, ಒಂದು ಕೈಯಲ್ಲಿ ಚಹಾ ಹಿಡಿದುಕೊಂಡು ಟ್ರೇಲರಿನ ಉದ್ದಕ್ಕೂ ನಡೆದು ಹೋಗಿ, ಮತ್ತೆ ನಡೆದು ಬಂದರು. ವಾಪಸು ಬರುವ ಹೊತ್ತಿಗೆ ಚಹಾ ಮುಗಿದಿತ್ತು.

"ಖಾಲಿ ಹೈ. ಜಾನೇ ದೋ."

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇಂದುಶೇಖರನ ಸ್ವಾಭಿಮಾನಕ್ಕೆ ಪೆಟ್ಟು ಬಿದ್ದಿತು. ಇಷ್ಟೆಲ್ಲ ಅಧಿಕಾರಿಗಳ ಅನುಮೋದನೆ ಪಡೆದು, ಇಷ್ಟು ಲೆಕ್ಕ ಹಾಕಿ ತಂದ ಸರಕನ್ನು ಖಾಲಿ ಎನ್ನುವುದೇ? ಅವನು ಕಿಟಕಿಯಿಂದ ತಲೆ ಹೊರಹಾಕಿದ. "ಖಾಲಿ ನಹೀಂ ಹೈ, ಸರ್! ಲೋಡೆಡ್ ಹೈ!"

ಡ್ರೈವರ್ ಹಣೆ ಹಣೆ ಚಚ್ಚಿಕೊಂಡ. ದಾರೋಗಾ ನಿಂತರು. "ಲೋಡೆಡ್? ಮಾಲ್ ಕಹಾಂ ಹೈ?"

"ಪೀಛೇ!"

ದಾರೋಗಾ ಮತ್ತೆ ಹೋದರು. ಸರಪಳಿಯ ರಾಶಿಯನ್ನು ಬಗ್ಗಿ ನೋಡಿದರು. ಅದರೊಳಗಿಂದ ಒಂದು ಸಣ್ಣ ಹೆಡ್‌ಲೈಟು ಅವರನ್ನೇ ನೋಡುತ್ತಿತ್ತು. ಇಬ್ಬರು ಕಾನ್‌ಸ್ಟೇಬಲ್‌ಗಳು ಬಂದು ನೋಡಿದರು. ಮೂವರೂ ಸ್ವಲ್ಪ ಹೊತ್ತು ಚರ್ಚಿಸಿದರು. ಇಷ್ಟು ದೊಡ್ಡ ಗಾಡಿಯಲ್ಲಿ ಇಷ್ಟು ಸಣ್ಣದನ್ನು ಸಾಗಿಸುವವರು ಬೇರೆ ಏನನ್ನೋ ಬಚ್ಚಿಟ್ಟಿರಬೇಕೆಂದು ಒಬ್ಬ ಟ್ರೇಲರಿನ ಕೆಳಗೂ ತೂರಿ ನೋಡಿ ಬಂದ. ಕೆಳಗೆ ಚಕ್ರಗಳು ಬಿಟ್ಟರೆ ಏನೂ ಇರಲಿಲ್ಲ.

ಇಂದುಶೇಖರ ಕೆಳಗಿಳಿದು ವಿವರಿಸಲು ಹೊರಟ. "ದೇಖಿಯೇ, ಎಂಟು ಕ್ವಿಂಟಲ್ ಮೂಲ ತೂಕ, ಉಸ್ ಕೇ ಬಾದ್ ಮಾರ್ಜಿನ್..."

"ಅಳಿಯಂದ್ರೇ" ಎಂದರು ಮಾವ ಕ್ಯಾಬಿನ್ನಿನಿಂದ. "ಸುಮ್ನಿರಿ."

ಮಾವ ದಾರೋಗಾ ಕಡೆ ತಿರುಗಿ, ಸ್ಟಿಯರಿಂಗ್ ತಿರುಗಿಸುವ ಹಾಗೆ ಎರಡೂ ಕೈ ಆಡಿಸಿ, ತಮ್ಮ ಎದೆ ಮುಟ್ಟಿಕೊಂಡು, ಕೈ ಮುಗಿದು, "ಹಬ್ಬ" ಎಂದರು. ದಾರೋಗಾ ಹಳ್ಳಿಯ ಕಡೆಯವರೇ ಇರಬೇಕು. ಆ ಒಂದು ಕನ್ನಡ ಪದ ಅವರಿಗೆ ಅರ್ಥವಾಗದಿದ್ದರೂ ಟ್ರ್ಯಾಕ್ಟರ್ ಓಡಿಸುವ ಕೈ ಅರ್ಥವಾಯಿತು. ನಕ್ಕುಬಿಟ್ಟರು. "ಇಸೇ ಹಮ್ ಮಾಲ್ ನಹೀಂ ಮಾನ್ತೇ. ಖಾಲಿ ಹೈ. ಚಲೋ, ಜಾಓ!"

ಇಂದುಶೇಖರ ಸುಮ್ಮನೆ ಕ್ಯಾಬಿನ್ ಹತ್ತಿ ಕೂತ. ದಾರಿಯುದ್ದಕ್ಕೂ ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಸಂಕ್ರಾಂತಿಯ ಒಳ್ಳೆಯ ಮಾತು ಕೈಗೆ ಸಿಕ್ಕ ಹಾಗಾಗಿ ಮತ್ತೆ ಗ್ರೇಟರ್ ನೋಯ್ಡಾದ ಕಡೆಗೇ ಹಿಂದಿರುಗಿ ಹೋಗುತ್ತಿರುವಂತೆ ಅವನಿಗೆ ಅನಿಸಿತು.

ಇಂದಿರಾಪುರಂನ ಸೊಸೈಟಿ ಗೇಟಿನೊಳಗೆ ಟ್ರೇಲರು ಹೋಗುವ ಮಾತೇ ಇರಲಿಲ್ಲ. ಗೇಟಿಗೇ ಅದನ್ನು ಕಂಡು ಹೆದರಿಕೆಯಾದಂತಿತ್ತು. ಎದುರಿನ ಪಾರ್ಕಿನ ಪಕ್ಕದ ಅಗಲ ರಸ್ತೆಯಲ್ಲಿ ನಿಲ್ಲಿಸಿದರು. ಬಳಗದವರೆಲ್ಲ ಹೊರಗೆ ಬಂದರು. ರೇಷ್ಮೆ ಸೀರೆಯ ಮೇಲೆ ಸ್ವೆಟರು ಹಾಕಿಕೊಂಡ ಹೆಂಗಸರು, ಪಂಚೆಯ ಕೆಳಗೆ ಥರ್ಮಲ್ ಪ್ಯಾಂಟು ಇಣುಕುತ್ತಿದ್ದ ಗಂಡಸರು. ಅಶ್ವತ್ಥನಾರಾಯಣರು ಟ್ರೇಲರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ದೃಷ್ಟಿ ಹಾಯಿಸಲು ಕತ್ತು ತಿರುಗಿಸಬೇಕಾಯಿತು.

"ಏನ್ರೀ ಇದು, ಇಂದುಶೇಖರ್? ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ!"

"ನಿಮ್ಮ ಅನುಮೋದನೆ ಇದೆ, ಸರ್" ಎಂದ ಇಂದುಶೇಖರ.

"ಸರಿ ಸರಿ. ಬೇಗ ಇಳಿಸಿ, ಪೂಜೆಗೆ ಹೊತ್ತಾಯ್ತು."

ಡ್ರೈವರ್ ಸರಪಳಿ ಬಿಚ್ಚಿದ. ಕಬ್ಬಿಣದ ಹಲಗೆ ಇಳಿಬಿಟ್ಟ. ಇಂದುಶೇಖರ ಮಹಂತೇಶನ ಕಡೆ ಕೈ ಚಾಚಿದ. "ಆ ಮರದ ಹಲಗೆ ಕೊಡಿ."

"ಹಲಗಿ?" ಎಂದ ಮಹಂತೇಶ್. "ನೀವ್ ಗಾಡ್ಯಾಗ ಹಾಕ್ಕೊಂಡ್ರಲ್ಲ?"

"ನೀವು ಕಾರಲ್ಲಿ ತಂದ್ರಿ ಅಂದ್ಕೊಂಡೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಲಗೆಗಳು ನರ್ಸರಿಯ ಗೇಟಿನ ಮುಂದೆ, ಹಾಸಿದ್ದ ಜಾಗದಲ್ಲೇ ಸುಖವಾಗಿ ಮಲಗಿದ್ದವು. ಇಪ್ಪತ್ತೈದು ಟನ್ನಿನ ಏರ್ಪಾಡಿನಲ್ಲಿ ಇಪ್ಪತ್ತು ಕಿಲೋ ಮರ ಮರೆತುಹೋಗಿತ್ತು.

ಟ್ರ್ಯಾಕ್ಟರು ಮೇಲೆ, ಜನ ಕೆಳಗೆ. ಒಬ್ಬೊಬ್ಬರೂ ಒಂದೊಂದು ಉಪಾಯ ಹೇಳಿದರು. ದಿಲೀಪ್ ಕ್ಲಬ್‌ಹೌಸಿನ ಟೇಬಲ್ ಟೆನ್ನಿಸ್ ಟೇಬಲ್ ತರೋಣವೆಂದ. ಬನ್ಸಲ್ ಮೇಡಂ ಬಾಲ್ಕನಿಯಿಂದ, "ಇಸ್ ಸಾಲ್ ಲಿಫ್ಟ್ ಮೇಂ ಮತ್ ಲಾನಾ!" ಎಂದು ಕೂಗಿದರು. ಅಧ್ಯಕ್ಷರು ಉಸಿರೆಳೆದುಕೊಂಡು, ಕೈ ಹಿಂದೆ ಕಟ್ಟಿ, ಬೈಯಲು ಸಿದ್ಧರಾದರು. ಇಂದುಶೇಖರ ಅಧ್ಯಕ್ಷರ ಬೈಗುಳಕ್ಕೆ ಹೆದರುವವನಲ್ಲ, ಅದು ಅಭ್ಯಾಸವಾಗಿತ್ತು. ಮಾವನ ಮುಖ ನೋಡಲು ಮಾತ್ರ ಧೈರ್ಯ ಬರಲಿಲ್ಲ. ಕೊನೆಗೂ ಕಾಗದ ಹಿಡಿಯುವ ಅಳಿಯನೇ ಆದೆ ಎಂದು ಅವನಿಗೆ ಬಹಳ ದುಃಖವಾಯಿತು.

ಮಾವ ಅಷ್ಟರಲ್ಲಿ ಟ್ರೇಲರಿನ ಮೇಲೆ ಹತ್ತಿದ್ದರು. ಹಿಂದಿನ ತುದಿಯಿಂದ ಮುಂದಿನ ತುದಿಗೆ, ಹೊಲ ಅಳೆಯುವವರ ಹಾಗೆ ದಾಪುಗಾಲು ಹಾಕಿ ನಡೆದರು. ಅಡ್ಡಗಲವನ್ನೂ ನೋಡಿದರು. ಒಂದು ಸಲ ಕಾಲಿನಿಂದ ಕುಟ್ಟಿದರು. ಆಮೇಲೆ ಅಂಚಿಗೆ ಬಂದು ಕೆಳಗೆ ನೋಡಿದರು.

"ಇಳಿಸ್ಬೇಡಿ. ಇಲ್ಲೇ ಹಾಯ್ಸೋಣ."

"ಎಲ್ಲಿ?" ಎಂದರು ಅಧ್ಯಕ್ಷರು.

"ಇಲ್ಲೇ. ನಮ್ಮೂರ ಕಣ ಇಷ್ಟೇ ಇರೋದು."

ಲೀಲಮ್ಮನವರ ಕಿಚ್ಚು ಮೇಲಕ್ಕೆ ಹೋಯಿತು. ಗಾಳಿ ಕೆಟ್ಟಿದೆಯೆಂದು ಬಯಲಲ್ಲಿ ಬೆಂಕಿ ಹಾಕುವುದಕ್ಕೆ ಸರಕಾರದ ನಿಷೇಧವಿದ್ದುದರಿಂದ ಅವರು ಚೆಂಡು ಹೂವಿನ ರಾಶಿಗೆ ಕೇಸರಿ ಕಾಗದದ ಜ್ವಾಲೆ ಸಿಕ್ಕಿಸಿ, ಒಳಗೆ ಬಲ್ಬಿನ ಸರ ಇಟ್ಟಿದ್ದರು. ಟ್ರೇಲರಿನ ಮಧ್ಯಕ್ಕೆ ಸರಿಯಾಗಿ ಅದನ್ನಿಟ್ಟರು. ಮಹಂತೇಶ್ ಟ್ರ್ಯಾಕ್ಟರಿಗೆ ರಟ್ಟಿನ ಕೊಂಬು ಕಟ್ಟಿ, ತುದಿಗೆ ಬಲೂನು ಸಿಕ್ಕಿಸಿ, ಕೊರಳಿಗೆ ಗೆಜ್ಜೆ ಹಾಕಿದ. ಉಷಾ ಅಪ್ಪನಿಗೆ ಪೇಟ ಸುತ್ತಿದಳು. ಎಂಜಿನ್ ಗುಡುಗಿತು.

ಟ್ರ್ಯಾಕ್ಟರು ಟ್ರೇಲರಿನ ಒಂದು ತುದಿಯಿಂದ ಹೊರಟಿತು. ಗೆಜ್ಜೆ ಕುಣಿಯಿತು, ಬಲೂನು ಅಲ್ಲಾಡಿತು. ಮಾವ ಬೆನ್ನು ನೆಟ್ಟಗೆ ಮಾಡಿ, "ಹೋ... ಹೋಯ್!" ಎಂದು ಕೂಗಿದರು. ಅಷ್ಟು ದೊಡ್ಡ ಧ್ವನಿ ಅವರಲ್ಲಿ ಇದೆಯೆಂದು ಮಗಳಿಗೇ ಮರೆತುಹೋಗಿತ್ತು. ಚೆಂಡು ಹೂವಿನ ಕಿಚ್ಚಿನ ಮೇಲೆ ಹಾದು, ಇನ್ನೊಂದು ತುದಿಯಲ್ಲಿ ಗಕ್ಕನೆ ನಿಂತಿತು. ಹೂವೆಲ್ಲ ಚೆಲ್ಲಾಪಿಲ್ಲಿ. ಇಡೀ ರಸ್ತೆ ಕೂಗಿತು. ಪ್ರಕೃತಿ ಹಿಂದಿ ಮರೆತು, "ತಾತಾ! ಇನ್ನೊಂದ್ಸಲ!" ಎಂದು ಶುದ್ಧ ಕನ್ನಡದಲ್ಲಿ ಕಿರುಚಿದಳು. ಮಾವ ರಿವರ್ಸಿನಲ್ಲಿ ಬಂದು ಇನ್ನೊಂದು ಸಲ ಹಾಯಿಸಿದರು.

ನಿಂತು ನೋಡುತ್ತಿದ್ದ ಸೊಸೈಟಿಯವರೊಬ್ಬರು ದಿಲೀಪನನ್ನು ಕೇಳಿದರು, ಕರ್ನಾಟಕದಲ್ಲಿ ಪ್ರತಿ ವರ್ಷವೂ ಹೀಗೇ ಟ್ರೇಲರಿನ ಮೇಲೇ ಮಾಡುತ್ತಾರೆಯೇ ಎಂದು.

"ಹಾಂ ಜೀ" ಎಂದ ದಿಲೀಪ್. "ಪರಂಪರಾ ಹೈ."

ಎಂಜಿನ್ ಆರಿದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮೇಲೆ ಹತ್ತಿದರು. ಟ್ರ್ಯಾಕ್ಟರಿಗೆ ಆರತಿಯಾಯಿತು. ಲೀಲಮ್ಮ ಕೊನೆಗೆ ಆಟೋದಲ್ಲೇ ತರಿಸಿದ್ದ ಕಬ್ಬು, ಕುಂಬಳಕಾಯಿ, ಗೆಣಸು, ಜೊತೆಗೆ ಮಕ್ಕಳು, ಕುರ್ಚಿಗಳು, ಹಾರ್ಮೋನಿಯಂ ಎಲ್ಲ ಮೇಲೆ ಬಂದವು. ಅಶ್ವತ್ಥನಾರಾಯಣರೊಬ್ಬರು ಕೆಳಗೇ ನಿಂತು ಅನುಮಾನದಿಂದ ನೋಡುತ್ತಿದ್ದರು.

"ಇಷ್ಟು ಜನ ಹತ್ತಿದ್ದೀರಿ. ತಡೆಯುತ್ತೇನ್ರೀ?"

ಇಂದುಶೇಖರ ಮೇಲಿನಿಂದ ಕೈ ಚಾಚಿದ. ಅವನ ಧ್ವನಿಯಲ್ಲಿ ಹಳೆಯ ಆತ್ಮವಿಶ್ವಾಸ ಪೂರ್ತಿ ವಾಪಸು ಬಂದಿತ್ತು. "ಧೈರ್ಯವಾಗಿ ಬನ್ನಿ, ಸರ್. ನಿಮ್ಮ ಮಾರ್ಜಿನ್ನೂ ಇದರಲ್ಲೇ ಇದೆ."

ಉಷಾ ಎಳ್ಳು ಬೆಲ್ಲದ ತಟ್ಟೆ ಹಿಡಿದು ಬಂದಳು. ಇಂದುಶೇಖರ ಒಂದು ಚಿಟಿಕೆ ತೆಗೆದುಕೊಂಡು ಮಾವನ ಮುಂದೆ ನಿಂತ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ, ಮಾವ."

ಮಾವ ಬಾಯಿಗೆ ಹಾಕಿಕೊಂಡರು. ಕೊಬ್ಬರಿ ಚೂರನ್ನು ನಿಧಾನವಾಗಿ ಅಗಿದರು. ಟ್ರೇಲರಿನ ಆ ತುದಿ ನೋಡಿದರು, ಈ ತುದಿ ನೋಡಿದರು. ಅದರ ಮೇಲೆ ತುಂಬಿ ನಗುತ್ತಿದ್ದ ಕನ್ನಡದವರನ್ನೆಲ್ಲ ನೋಡಿದರು.

"ಅಳಿಯಂದ್ರೇ."

"ಮಾವ."

"ಎತ್ತು ಅಂದ್ಮೇಲೆ ಜೋಡಿ ಇರ್ಬೇಕು. ಬರೋ ವರ್ಷ ಇನ್ನೊಂದನ್ನೂ ಹತ್ತಿಸ್ಕೊಂಡು ಬನ್ನಿ. ಜಾಗ ಇದೆ." ಇನ್ನೂ ಸ್ವಲ್ಪ ಅಗಿದು ಸೇರಿಸಿದರು. "ನಾನೂ ಬರ್ತೀನಿ."

ಮದುವೆಯಾದಂದಿನಿಂದ ಚುಚ್ಚುತ್ತಿದ್ದ ಮುಳ್ಳು ಅಲ್ಲೇ, ಆ ಟ್ರೇಲರಿನ ಮೇಲೆ ಕಿತ್ತು ಬಂತು. ಇಂದುಶೇಖರನ ಕಣ್ಣು ತುಂಬಿತು. ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು.

"ಎರಡು ಟ್ರ್ಯಾಕ್ಟರ್ ಅಂದ್ರೆ ಹದಿನಾರು ಕ್ವಿಂಟಲ್, ಮಾವ. ಅದಕ್ಕೆ ಮಾರ್ಜಿನ್..."

ಉಷಾ ಗಂಡನ ಕೈಯಿಂದ ಪೆನ್ನು ಕಿತ್ತು ತನ್ನ ಬ್ಯಾಗಿಗೆ ಹಾಕಿಕೊಂಡು, ತೆರೆದ ಅವನ ಬಾಯಿಗೆ ಒಂದು ಹಿಡಿ ಎಳ್ಳು ಬೆಲ್ಲ ತುಂಬಿದಳು.

"ತಿಂದ್ಕೊಂಡು ಒಳ್ಳೆ ಮಾತಾಡಿ. ಟನ್ನಿನ ಮಾತು ಬೇಡ."